ಬೇಸ್ ಗಿಟಾರು: ವಾದ್ಯ ಒಂದು, ಅಂಗ ಎರಡು

ಕನ್ನಡ ಪಾಠ ಹೇಳುವ ಉಪಾಧ್ಯಾಯನಿಗೂ ಬೇಸ್ ಗಿಟಾರಿಗೂ ಎಲ್ಲಿಯ ಸಂಬಂಧವೆಂದು ತಾವು ಕೇಳಬಹುದು. ಸಂಬಂಧ ನನ್ನದಲ್ಲ, ನನ್ನ ಶಿಷ್ಯರದು. ನಮ್ಮ ಊರುಗಳಲ್ಲಿ ಗಣೇಶೋತ್ಸವ ಬಂದರೆ, ರಾಜ್ಯೋತ್ಸವ ಬಂದರೆ, ಅನುಕೂಲವಂತರ ಮನೆಯ ಮದುವೆಯ ಆರತಕ್ಷತೆ ಬಂದರೆ, ಚಿತ್ರಗೀತೆಗಳ ವಾದ್ಯಗೋಷ್ಠಿ ಇರಲೇಬೇಕು. ಜನ ಅದನ್ನು ಆರ್ಕೆಸ್ಟ್ರಾ ಎಂದೇ ಕರೆಯುತ್ತಾರೆ. ಅಂಥ ಗೋಷ್ಠಿಗಳಲ್ಲಿ ನುಡಿಸಿ ನಾಲ್ಕು ಕಾಸು ಸಂಪಾದಿಸುವ ಹುಡುಗರಲ್ಲಿ ಕೆಲವರು ನನ್ನಲ್ಲಿ ಹಳಗನ್ನಡ ಓದಿದವರು. ಶಾಲೆಯ ಸಮಾರಂಭಗಳಿಗೆ ಅವರನ್ನು ಕರೆಸುವ ಹೊಣೆಯೂ ವೇದಿಕೆಯ ಮಗ್ಗುಲಲ್ಲಿ ಕುಳಿತು ಎಲ್ಲವನ್ನೂ ನೋಡಿಕೊಳ್ಳುವ ಹೊಣೆಯೂ ಬಹುವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಹೀಗಾಗಿ ಅವರ ತಂದೆತಾಯಿಗಳು ನನ್ನನ್ನು ಹುಡುಕಿಕೊಂಡು ಬರುತ್ತಾರೆ. “ಮೇಷ್ಟ್ರೇ, ಇವನು ಗಿಟಾರು ಬೇಕೆನ್ನುತ್ತಾನೆ. ಅದು ಸಾಲದೆಂದು ಗಿಟಾರಿಗಿಂತ ದೊಡ್ಡ ಪೆಟ್ಟಿಗೆಯೊಂದೂ ಬೇಕೆನ್ನುತ್ತಾನೆ. ಅದೇತಕ್ಕೆ?” ಎಂಬುದು ಅವರ ಪ್ರಶ್ನೆ. ಈ ಭಾಷಣವನ್ನು ಆ ಪ್ರಶ್ನೆಗೆ ಉತ್ತರವೆಂದು ತಿಳಿಯಬೇಕು. ಇದರಲ್ಲಿ ಬರುವ ಭೌತಶಾಸ್ತ್ರದ ಮಾತುಗಳಿಗೆ ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರಿಗೆ ನಾನು ಋಣಿ.

ಮೊದಲು ಪದದ ಅರ್ಥವನ್ನೇ ನೋಡೋಣ. ಬೇಸ್ ಎಂದೊಡನೆ ನಮ್ಮಲ್ಲಿ ಅನೇಕರು ಅದು ತಳಪಾಯವೆಂಬ ಅರ್ಥದ ಇಂಗ್ಲಿಷ್ ಪದವೆಂದು ಭಾವಿಸುತ್ತಾರೆ. ಉಚ್ಚಾರಣೆ ಒಂದೇ, ಪದಗಳು ಬೇರೆ. ತಳಪಾಯ ಎಂಬ ಅರ್ಥದ ಪದ ಗ್ರೀಕ್ ಮೂಲದ್ದು. ಸಂಗೀತದ ಈ ಪದ ತಗ್ಗು ಎಂಬ ಅರ್ಥದ ಲ್ಯಾಟಿನ್ ಮೂಲದ್ದು. ವ್ಯುತ್ಪತ್ತಿಯ ಪ್ರಕಾರ ತಪ್ಪಾದರೂ ಜನರ ಊಹೆ ಭಾವದಲ್ಲಿ ತಪ್ಪಲ್ಲ. ತಗ್ಗಿನ ಸ್ವರವೇ ಮೇಲಿನ ಸ್ವರಗಳಿಗೆಲ್ಲ ತಳಪಾಯ. ನಮ್ಮ ಕಛೇರಿಯಲ್ಲಿ ಮೃದಂಗದ ಎಡಭಾಗಕ್ಕೆ ರವೆಯ ಕಣಕವನ್ನು ಮೆತ್ತಿ ಗುಂಕಾರ ಬರಿಸುವುದನ್ನು ತಾವು ಕಂಡಿದ್ದೀರಿ. ಆ ರವೆ ಒಣಗಿ ಉದುರಿದರೆ ಏನೋ ಬರಿದಾಯಿತೆಂದು ಸಭೆಗೆ ತೋರುತ್ತದೆಯೇ ಹೊರತು ಏನು ಬರಿದಾಯಿತೆಂದು ಎಲ್ಲರೂ ಹೇಳಲಾರರು. ಬೇಸ್ ಗಿಟಾರಿನ ಸ್ಥಿತಿಯೂ ಇದೇ. ಇದ್ದಾಗ ಗಮನಿಸುವವರು ಕಡಿಮೆ, ನಿಂತಾಗ ಅರಿಯದವರು ಇಲ್ಲ.

ಈ ವಾದ್ಯ ಎಷ್ಟು ತಗ್ಗಿನದೆಂಬುದನ್ನು ನಮ್ಮ ಲೆಕ್ಕದಲ್ಲಿಯೇ ಹೇಳುತ್ತೇನೆ. ಹಾರ್ಮೋನಿಯಮ್ಮಿನ ಬಿಳಿ ಒಂದನ್ನು ಶ್ರುತಿಯಾಗಿ ಇಟ್ಟುಕೊಂಡು ಹಾಡುವ ಗಂಡಸಿನ ಮಧ್ಯ ಷಡ್ಜಕ್ಕೆ ಸೆಕೆಂಡಿಗೆ ಸುಮಾರು 131 ಕಂಪನಗಳು. ಅವನ ಮಂದ್ರ ಷಡ್ಜಕ್ಕೆ 65. ನಾಲ್ಕು ತಂತಿಯ ಬೇಸ್ ಗಿಟಾರಿನ ದಪ್ಪ ತಂತಿಯನ್ನು ಬಿಡಿಯಾಗಿ ಮೀಟಿದರೆ ಬರುವುದು 41 ಕಂಪನಗಳ ಸ್ವರ. ಅಂದರೆ ಮಂದ್ರವನ್ನೂ ದಾಟಿ ಅನುಮಂದ್ರಕ್ಕೆ ಇಳಿದ ಮೇಲೆ ಸಿಗುವ ಸ್ವರ. ಸಾಮಾನ್ಯ ಗಿಟಾರಿನ ದಪ್ಪ ತಂತಿಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಗಾಳಿಯಲ್ಲಿ ಈ ಸ್ವರದ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ನಮ್ಮ ಶಾಲೆಯ ಒಂದು ತರಗತಿಯ ಕೋಣೆಗಿಂತ ಉದ್ದ. ಜೊತೆಗೆ ಮನುಷ್ಯನ ಕಿವಿ ಇಂಥ ತಗ್ಗಿನ ಸ್ವರಗಳಿಗೆ ಅಷ್ಟು ಚುರುಕಲ್ಲ. ಕೊಳಲಿನಷ್ಟೇ ಗಟ್ಟಿಯಾಗಿ ಇದು ಕೇಳಿಸಬೇಕಾದರೆ ಎಷ್ಟೋ ಪಾಲು ಹೆಚ್ಚು ಗಾಳಿಯನ್ನು ಅಲುಗಿಸಬೇಕು. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ. ಗಾಳಿಯನ್ನು ಅಲುಗಿಸುವುದು ಗಿಟಾರಲ್ಲ, ಆ ಪೆಟ್ಟಿಗೆ.

ಹಿಂದೆ ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಈ ಕೆಲಸವನ್ನು ಡಬಲ್ ಬಾಸ್ ಎಂಬ ಆಳೆತ್ತರದ ಪಿಟೀಲು ಮಾಡುತ್ತಿತ್ತು. ಅದನ್ನು ಹೊತ್ತು ಊರೂರು ತಿರುಗುವುದು ಕಷ್ಟ. ಡ್ರಮ್ಮು ಕಹಳೆಗಳ ನಡುವೆ ಅದರ ದನಿ ಕೇಳಿಸುವುದೂ ಕಷ್ಟ. 1936ರ ಸುಮಾರಿನಲ್ಲಿ ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬಾತ ಮೆಟ್ಟಿಲುಗಳುಳ್ಳ ವಿದ್ಯುತ್ ಬೇಸ್ ಗಿಟಾರನ್ನು ಮಾಡಿದ. ಅದು ಬಳಕೆಗೆ ಹರಡಲಿಲ್ಲ. ಲೋಕಕ್ಕೆ ಈ ವಾದ್ಯವನ್ನು ಕೊಟ್ಟವನು ಕ್ಯಾಲಿಫೋರ್ನಿಯದ ಫುಲ್ಲರ್ಟನ್ ಊರಿನ ಲಿಯೋ ಫೆಂಡರ್. ರೇಡಿಯೋ ಕೇಳುವ ಮನೆಗಳವರಿಗೆ ಇಲ್ಲೊಂದು ಸಂತೋಷದ ಸಂಗತಿಯಿದೆ: ಆತ ರೇಡಿಯೋ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದವನು. ಗಿಟಾರು ನುಡಿಸಲು ಆತನಿಗೆ ಬರುತ್ತಿರಲಿಲ್ಲ. ನುಡಿಸುವವರ ಕಷ್ಟವನ್ನು ಕೇಳಿಸಿಕೊಳ್ಳಲು ಬರುತ್ತಿತ್ತು. 1951ರಲ್ಲಿ ಆತ ಹೊರತಂದ ವಾದ್ಯದ ಹೆಸರು ಪ್ರಿಸಿಷನ್ ಬೇಸ್. ವೀಣೆಯಂತೆ ಮೆಟ್ಟಿಲುಗಳಿರುವುದರಿಂದ ಸ್ವರ ಕರಾರುವಾಕ್ಕಾಗಿ ನಿಲ್ಲುತ್ತದೆಂಬುದು ಆ ಹೆಸರಿನ ಅಭಿಪ್ರಾಯ. ಗಮನಿಸಬೇಕಾದದ್ದು ಮುಂದಿನ ಸಂಗತಿ. ಮರುವರ್ಷವೇ, 1952ರಲ್ಲಿ, ಆತ ಬೇಸ್‌ಮನ್ ಎಂಬ ಆಂಪ್ಲಿಫೈಯರನ್ನೂ ಹೊರತಂದ. ಅದಿಲ್ಲದೆ ಇದು ಮೂಕವೆಂದು ಆತ ಚೆನ್ನಾಗಿ ಅರಿತಿದ್ದ.

ಆದ್ದರಿಂದ ನನ್ನ ಮೊದಲ ಸಲಹೆ ಇದು: ಗಿಟಾರು ಅರ್ಧ ವಾದ್ಯ, ಆಂಪ್ಲಿಫೈಯರು ಇನ್ನರ್ಧ ವಾದ್ಯ. ಕೈಯಲ್ಲಿರುವ ಹಣವನ್ನೆಲ್ಲ ಮಿರುಗುವ ಗಿಟಾರಿಗೆ ಸುರಿದು, ಉಳಿದ ಚಿಲ್ಲರೆಗೆ ಸಿಕ್ಕ ಪೆಟ್ಟಿಗೆಯನ್ನು ತರುವುದು ನಮ್ಮ ಹುಡುಗರ ಸಾಮಾನ್ಯ ರೂಢಿ. ರೇಷ್ಮೆಯ ಪಂಚೆ ಉಟ್ಟು ಬರಿಗಾಲಲ್ಲಿ ಮುಳ್ಳಿನ ದಾರಿ ನಡೆದಂತೆ ಇದು. ಮಧ್ಯಮ ಬೆಲೆಯ ಗಿಟಾರು ಒಳ್ಳೆಯ ಪೆಟ್ಟಿಗೆಯಲ್ಲಿ ಒಪ್ಪವಾಗಿ ನುಡಿಯುತ್ತದೆ. ಅತ್ಯುತ್ತಮ ಗಿಟಾರು ಬಡಕಲು ಪೆಟ್ಟಿಗೆಯಲ್ಲಿ ಕೆಮ್ಮುತ್ತದೆ. ಹಣವನ್ನು ಎರಡು ಪಾಲು ಮಾಡಿ, ಗಿಟಾರಿಗೆಷ್ಟೋ ಪೆಟ್ಟಿಗೆಗೂ ಅಷ್ಟು ಎಂದು ಹೊರಡುವುದು ಕ್ಷೇಮ.

ಇನ್ನು ಗಿಟಾರಿನ ಆಯ್ಕೆ. ಇದನ್ನು ಕಣ್ಣಿನಿಂದ ಆರಿಸಬಾರದು, ಕೈಯಿಂದ ಆರಿಸಬೇಕು. ತಂತಿಯ ನುಡಿಯುವ ಉದ್ದ ಫೆಂಡರ್ ಮಾದರಿಗಳಲ್ಲಿ 34 ಅಂಗುಲ. ಇದೇ ಇಂದಿನ ವಾಡಿಕೆಯ ಅಳತೆ. ಕೈ ಚಿಕ್ಕದಾಗಿರುವ ಹುಡುಗರಿಗೆ, ಹುಡುಗಿಯರಿಗೆ 30 ಅಂಗುಲದ ವಾದ್ಯಗಳುಂಟು. ಅದು ಮಕ್ಕಳ ಆಟಿಕೆಯೆಂದು ಯಾರಾದರೂ ಹೀಯಾಳಿಸಿದರೆ ಅಂಜಬೇಕಾಗಿಲ್ಲ. ಬೀಟಲ್ಸ್ ವೃಂದದ ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಕೊಂಡು ಲೋಕಪ್ರಸಿದ್ಧಗೊಳಿಸಿದ ಪಿಟೀಲಿನಾಕಾರದ ಹಾಫ್ನರ್ ಬೇಸ್ ಇಂಥ ಗಿಡ್ಡ ಅಳತೆಯದೇ. ಅಗ್ಗವೆಂಬುದೂ, ಎಡಗೈಯಿಂದ ನುಡಿಸುವ ತನಗೆ ಎರಡೂ ಕಡೆ ಒಂದೇ ರೂಪದ ಆ ಒಡಲು ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣುವುದಿಲ್ಲವೆಂಬುದೂ ಆತನ ಲೆಕ್ಕಾಚಾರ. ಬಡಹುಡುಗನ ಲೆಕ್ಕಾಚಾರವೇ ಮುಂದೆ ಶೋಭೆಯಾಯಿತು.

ದಂಡಿಯ ಅಗಲವನ್ನೂ ಕೈಯೇ ಹೇಳಬೇಕು. 1960ರಲ್ಲಿ ಬಂದ ಜಾಸ್ ಬೇಸ್ ಮಾದರಿಯಲ್ಲಿ ದಂಡಿಯ ತುದಿ ಸುಮಾರು 38 ಮಿಲಿಮೀಟರ್. ಪ್ರಿಸಿಷನ್ ಮಾದರಿಯಲ್ಲಿ 41ರಿಂದ 44. ಅಂತರ ಅಲ್ಪವೆಂದು ತೋರಿದರೂ ಮೂರು ಗಂಟೆ ನುಡಿಸಿದ ಮಣಿಕಟ್ಟಿಗೆ ಅದು ಗೊತ್ತು. ವಾದ್ಯದ ಭಾರ ಸಾಮಾನ್ಯವಾಗಿ ನಾಲ್ಕು ಕಿಲೋ ಆಸುಪಾಸು. ಅಗಲವಾದ ಪಟ್ಟಿ ಹಾಕಿ, ಅಂಗಡಿಯಲ್ಲಿಯೇ ಕಾಲು ಗಂಟೆ ನಿಂತು ನೋಡಬೇಕು. ಎಡಗೈಯನ್ನು ಬಿಟ್ಟಾಗ ದಂಡಿಯ ತಲೆ ನೆಲದ ಕಡೆಗೆ ಜಾರಿದರೆ ಅಂಥ ವಾದ್ಯ ಬೇಡ. ಕಾರ್ಯಕ್ರಮವಿಡೀ ಅದನ್ನು ಎತ್ತಿ ಹಿಡಿಯುವ ಕೆಲಸ, ಸ್ವರ ಒತ್ತಬೇಕಾದ ಕೈಗೇ ಬೀಳುತ್ತದೆ.

ಆಮೇಲೆ ಒಂದೊಂದು ತಂತಿಯಲ್ಲಿಯೂ ಒಂದೊಂದು ಮೆಟ್ಟಿಲನ್ನೂ ಒತ್ತಿ ಮೀಟಿ ಕೇಳಬೇಕು. ಬೇಸರವಾಗಬಾರದು, ಎಂಬತ್ತು ಸ್ವರಗಳಿಗೆ ಐದು ನಿಮಿಷ ಸಾಕು. ಎಲ್ಲಿಯಾದರೂ ತಂತಿ ಜಿರ್ ಎಂದರೆ ಮೆಟ್ಟಿಲು ಸವೆದಿದೆ, ಇಲ್ಲವೆ ದಂಡಿ ಬಾಗಿದೆ ಎಂದು ಅರ್ಥ. ಎಲ್ಲಿಯಾದರೂ ಸ್ವರ ಹುಟ್ಟಿದೊಡನೆ ಸತ್ತರೆ ಅದು ಮರದ ಸ್ವಭಾವ. ಫೆಂಡರ್ ಮಾದರಿಯ ಅನೇಕ ವಾದ್ಯಗಳಲ್ಲಿ ಸಣ್ಣ ತಂತಿಯ ಐದರಿಂದ ಏಳನೆಯ ಮೆಟ್ಟಿಲಿನ ಸುತ್ತ ಇಂಥ ಜಾಗವಿರುತ್ತದೆ. ದಂಡಿಯ ಬಾಗನ್ನು ಒಳಗಿನ ಉಕ್ಕಿನ ಸರಳು ತಿರುಗಿಸಿ ಸರಿಪಡಿಸಬಹುದು. ಸತ್ತ ಸ್ವರವನ್ನು ಬದುಕಿಸುವುದು ಸುಲಭವಲ್ಲ. ಹಳೆಯ ವಾದ್ಯ ಕೊಳ್ಳುವವರು ಈ ಪರೀಕ್ಷೆಯನ್ನು ಬಿಡಲೇಬಾರದು. ಅಂದಹಾಗೆ, ಹಳೆಯದನ್ನು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಬಿರಡೆ ಬಿಗಿಯಾಗಿದ್ದು, ಕೇಬಲ್ ಚುಚ್ಚುವ ಕಡೆ ಕರಕರ ಎನ್ನದಿದ್ದರೆ, ಪಳಗಿದ ವಾದ್ಯ ಹೊಸದಕ್ಕಿಂತ ವಾಸಿ.

ಈ ವಾದ್ಯದಲ್ಲಿ ನಮ್ಮ ಮಲೆನಾಡಿನ ನೆಂಟಸ್ತಿಕೆಯೂ ಒಂದಿದೆ. ಮೆಟ್ಟಿಲುಗಳನ್ನು ಕೂರಿಸುವ ಹಲಗೆಗೆ ಜಗತ್ತಿನಾದ್ಯಂತ ಬಳಸುವ ಇಂಡಿಯನ್ ರೋಸ್‌ವುಡ್ ಎಂದರೆ ನಮ್ಮ ಬೀಟೆ ಮರವೇ. 2017ರಲ್ಲಿ ಈ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿರ್ಬಂಧಕ್ಕೆ ಒಳಪಟ್ಟಾಗ ಗಿಟಾರು ತಯಾರಕರು ಕಂಗಾಲಾದರು. 2019ರಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ದೊರಕಿತು. ಹಲಗೆ ಬೀಟೆಯದೇ ಆಗಬೇಕೆಂದು ಹಟ ಹಿಡಿಯುವುದು ಬೇಡ. ಕೇಳುವ ಸಭೆಗೆ ಮರದ ಜಾತಿ ತಿಳಿಯುವುದಿಲ್ಲ.

ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಪಿಕಪ್ಪುಗಳ ವಿಷಯ ಎರಡು ಮಾತು. ಒಂದೇ ಸುರುಳಿಯ ಪಿಕಪ್ಪು ತಂತಿಯ ದನಿಯ ಜೊತೆಗೆ ಸುತ್ತಲಿನ ವಿದ್ಯುದ್ದೀಪಗಳ ಗುಂಯ್‌ಗುಡುವಿಕೆಯನ್ನೂ ಹೀರಿಕೊಳ್ಳುತ್ತದೆ. 1957ರಲ್ಲಿ ಫೆಂಡರ್ ಕಂಪನಿ ಪ್ರಿಸಿಷನ್ ಬೇಸಿನ ಪಿಕಪ್ಪನ್ನು ಎರಡು ಹೋಳು ಮಾಡಿ, ಒಂದರ ಗದ್ದಲವನ್ನು ಇನ್ನೊಂದು ಅಳಿಸುವಂತೆ ಜೋಡಿಸಿತು. ಸೀರಿಯಲ್ ದೀಪಗಳ ತೋರಣದ ಕೆಳಗೆ ನುಡಿಸುವ ನಮ್ಮ ಹುಡುಗರಿಗೆ ಇದು ದೊಡ್ಡ ಉಪಕಾರ. ಇನ್ನು ಕೆಲವು ವಾದ್ಯಗಳ ಒಡಲಲ್ಲಿ 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಸಣ್ಣ ಯಂತ್ರವಿರುತ್ತದೆ. ದನಿಯನ್ನು ಬಗೆಬಗೆಯಾಗಿ ತಿದ್ದಬಹುದು. ಆದರೆ ಹಾಡಿನ ನಡುವೆ ಬ್ಯಾಟರಿ ಮುಗಿದರೆ ವಾದ್ಯ ಮೌನವ್ರತ ಹಿಡಿಯುತ್ತದೆ. ಅಂಥದನ್ನು ಕೊಂಡವರು ಜೇಬಿನಲ್ಲಿ ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳಬೇಕು. ನುಡಿಸದಿರುವಾಗ ಕೇಬಲನ್ನು ಕಿತ್ತಿಡಬೇಕು. ಬಹುಪಾಲು ವಾದ್ಯಗಳಲ್ಲಿ ಕೇಬಲ್ ಚುಚ್ಚಿರುವವರೆಗೂ ಬ್ಯಾಟರಿ ಕರಗುತ್ತಲೇ ಇರುತ್ತದೆ. ಐದು ತಂತಿಯ ಬೇಸ್ ಬೇಕೆ ಎಂದು ಕೇಳುವವರಿದ್ದಾರೆ. ಅದರ ಐದನೆಯ ತಂತಿ ಸುಮಾರು 31 ಕಂಪನಗಳಿಗೆ ಇಳಿಯುತ್ತದೆ. ಗಾಯಕರು ಶ್ರುತಿ ತಗ್ಗಿಸಿದಾಗ ಅನುಕೂಲವೇ ಸರಿ. ಆದರೆ ಆ ಸ್ವರವನ್ನು ಹೊರಡಿಸುವ ಪೆಟ್ಟಿಗೆ ತಮ್ಮಲ್ಲಿಲ್ಲದಿದ್ದರೆ ಐದನೆಯ ತಂತಿ ಬರಿಯ ಅಲಂಕಾರ.

ಈಗ ಆ ಪೆಟ್ಟಿಗೆಗೆ ಬರೋಣ. ಅಂಗಡಿಯವರು ಮೊದಲು ಹೇಳುವುದು ವಾಟ್ ಲೆಕ್ಕ. ನೂರು ವಾಟಿಗಿಂತ ಇನ್ನೂರು ವಾಟು ಎರಡರಷ್ಟು ಗಟ್ಟಿಯೆಂದು ನಾವು ನಂಬುತ್ತೇವೆ. ಕಿವಿಯ ಗಣಿತ ಬೇರೆ. ವಾಟು ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬೆಲ್. ಸಾಮಾನ್ಯ ಕೇಳುಗ ಗುರುತಿಸಬಲ್ಲಷ್ಟು, ಅಷ್ಟೇ. ದನಿ ಎರಡರಷ್ಟಾಯಿತೆಂದು ಕಿವಿ ಒಪ್ಪಬೇಕಾದರೆ ವಾಟು ಹತ್ತರಷ್ಟಾಗಬೇಕು. ಹಾಗಾದರೆ ಹಣ ಎಲ್ಲಿ ಸದ್ವಿನಿಯೋಗವಾಗುತ್ತದೆ? ಸ್ಪೀಕರಿನಲ್ಲಿ. ಒಂದು ವಾಟು ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆಂದು ಸ್ಪೀಕರಿನ ವಿವರಪತ್ರದಲ್ಲಿ ಬರೆದಿರುತ್ತದೆ. 97 ಎಂದಿರುವ ಪೆಟ್ಟಿಗೆಯ ಬದಲು 100 ಎಂದಿರುವುದನ್ನು ಆರಿಸಿದರೆ, ಆಂಪ್ಲಿಫೈಯರಿನ ವಾಟನ್ನು ಇಮ್ಮಡಿ ಮಾಡಿದಷ್ಟೇ ಫಲ. ವಾಟಿನ ಅಂಕಿಯನ್ನು ಎಲ್ಲರೂ ಓದುತ್ತಾರೆ. ಈ ಅಂಕಿಯನ್ನು ಓದುವವನೇ ಜಾಣ.

ಸ್ಥೂಲವಾಗಿ ಹೇಳುವುದಾದರೆ, ಮನೆಯಲ್ಲಿ ಅಭ್ಯಾಸಕ್ಕೆ 15ರಿಂದ 30 ವಾಟಿನ ಪುಟ್ಟ ಪೆಟ್ಟಿಗೆ ಧಾರಾಳ. ಡ್ರಮ್ಮಿನ ಜೊತೆಯಲ್ಲಿ ಕಲ್ಯಾಣಮಂಟಪದಲ್ಲಿ ನುಡಿಸಬೇಕಾದರೆ 200ರಿಂದ 300 ವಾಟು, ಹತ್ತಂಗುಲದ ಎರಡು ಸ್ಪೀಕರು, ಇಲ್ಲವೆ ಹದಿನೈದಂಗುಲದ ಒಂದು ಸ್ಪೀಕರು ಇರಬೇಕು. ಸಾವಿರಾರು ಜನ ಸೇರುವ ಬಯಲಿನಲ್ಲಿಯೋ? ಅಲ್ಲಿ ಯಾವ ಪೆಟ್ಟಿಗೆಯೂ ಸಾಲದು, ಸಾಲಬೇಕಾಗಿಯೂ ಇಲ್ಲ. ಅಲ್ಲಿ ಬೇಸಿನ ದನಿಯನ್ನು ಡಿ.ಐ. ಎಂಬ ದಾರಿಯಿಂದ ನೇರವಾಗಿ ಸಭೆಯ ಧ್ವನಿವರ್ಧಕಕ್ಕೆ ಕೊಡುತ್ತಾರೆ; ತನ್ನ ಪೆಟ್ಟಿಗೆ ವಾದಕನಿಗೆ ತನ್ನ ಸ್ವರ ಕೇಳಿಸಲು ಮಾತ್ರ. ಆದ್ದರಿಂದ ಆಂಪ್ಲಿಫೈಯರಿನ ಹಿಂದೆ ಈ ಡಿ.ಐ. ಕಿಂಡಿ ಇದೆಯೇ ಎಂದು ನೋಡಿಕೊಳ್ಳುವುದು, ಇನ್ನೂರು ವಾಟು ಹೆಚ್ಚಿಗೆ ಕೊಳ್ಳುವುದಕ್ಕಿಂತ ಮೇಲು.

ಭಾರದ ವಿಚಾರವನ್ನು ಲಘುವಾಗಿ ಎಣಿಸಬಾರದು. ಅಮೆರಿಕದ ಆಂಪೆಗ್ ಕಂಪನಿ 1960ರಲ್ಲಿ ತಂದ ಬಿ-15 ಎಂಬ ಪೆಟ್ಟಿಗೆಗೆ 25 ವಾಟು, ಹದಿನೈದಂಗುಲದ ಒಂದೇ ಸ್ಪೀಕರು. ಅದೇ ಕಂಪನಿ 1969ರಲ್ಲಿ 300 ವಾಟಿನ ಎಸ್‌ವಿಟಿ ಎಂಬ ದೈತ್ಯವನ್ನು ತಂದಿತು. ಅದರ ಜೊತೆಯ ಎಂಟು ಸ್ಪೀಕರಿನ ಪೆಟ್ಟಿಗೆಯ ಭಾರ 60 ಕಿಲೋ ಮೇಲ್ಪಟ್ಟದ್ದು; ವಾಲ್ವುಗಳ ಆಂಪ್ಲಿಫೈಯರೇ 35 ಕಿಲೋ ದಾಟುತ್ತದೆ. ದೊಡ್ಡ ವೃಂದಗಳಿಗೆ ಹೊರಲು ಆಳುಗಳಿರುತ್ತಾರೆ. ನಮ್ಮ ಹುಡುಗ ರಾತ್ರಿ ಕಾರ್ಯಕ್ರಮ ಮುಗಿಸಿ, ಎರಡನೆಯ ಅಂತಸ್ತಿನ ಮೆಟ್ಟಿಲಿಳಿದು, ಆಟೋರಿಕ್ಷಾದಲ್ಲಿಯೋ ಬಸ್ಸಿನ ಮೇಲೆಯೋ ತನ್ನ ಸಾಮಾನನ್ನು ತಾನೇ ಏರಿಸಬೇಕು. ಈಚೆಗೆ ಡಿ ವರ್ಗದ ಯಂತ್ರಗಳು ಬಂದ ಮೇಲೆ ಎರಡು ಮೂರು ಕಿಲೋ ತೂಕದ ಆಂಪ್ಲಿಫೈಯರು ಐನೂರು ವಾಟು ಕೊಡುತ್ತದೆ. ನಿಯೋಡಿಮಿಯಂ ಅಯಸ್ಕಾಂತದ ಸ್ಪೀಕರುಗಳೂ ಹಗುರ. ಒಂದು ದೊಡ್ಡ ಪೆಟ್ಟಿಗೆಗಿಂತ ಎರಡು ಚಿಕ್ಕ ಪೆಟ್ಟಿಗೆ ಒಳ್ಳೆಯದು. ಚಿಕ್ಕ ಜಾಗಕ್ಕೆ ಒಂದು, ದೊಡ್ಡ ಜಾಗಕ್ಕೆ ಎರಡು. ಬೆನ್ನು ಒಂದೇ ಇರುವುದು, ಅದಕ್ಕೆ ಬಿಡಿಭಾಗ ಸಿಗುವುದಿಲ್ಲ.

ಎರಡು ಪೆಟ್ಟಿಗೆ ಜೋಡಿಸುವವರು ಓಮ್ ಎಂಬ ಅಂಕಿಯನ್ನು ತಿಳಿದಿರಬೇಕು. ಎಂಟು ಓಮಿನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ನಾಲ್ಕು ಓಮ್ ಆಗುತ್ತದೆ, ಹದಿನಾರಲ್ಲ. ಆಂಪ್ಲಿಫೈಯರಿನ ಮೇಲೆ ಕನಿಷ್ಠ ನಾಲ್ಕು ಓಮ್ ಎಂದು ಬರೆದಿದ್ದರೆ ಅದಕ್ಕಿಂತ ಕೆಳಗಿಳಿಸಬಾರದು. ಇಳಿಸಿದರೆ ಯಂತ್ರ ಕಾದು ಕೆಡುತ್ತದೆ. ಹೀಗೆಯೇ ವಾಲ್ವಿನ ಆಂಪ್ಲಿಫೈಯರನ್ನು ಸ್ಪೀಕರು ಜೋಡಿಸದೆ ಎಂದೂ ನಡೆಸಬಾರದು. ಗಿಟಾರಿನ ಕೇಬಲನ್ನು ಸ್ಪೀಕರಿಗೆ ಬಳಸುವುದೂ ಸಲ್ಲದು. ನೋಡಲು ಒಂದೇ ರೀತಿ ಕಂಡರೂ ಒಂದರ ಒಳತಂತಿ ಎಳೆಯಷ್ಟು, ಇನ್ನೊಂದರದು ದಪ್ಪ. ವಿದೇಶದಿಂದ ನೆಂಟರು ತಂದುಕೊಟ್ಟ ಆಂಪ್ಲಿಫೈಯರಾದರೆ ಇನ್ನೊಂದು ಎಚ್ಚರ. ಅಮೆರಿಕದ ಮನೆಗಳ ವಿದ್ಯುತ್ತು 120 ವೋಲ್ಟು, ನಮ್ಮದು 230. ಹಿಂಬದಿಯ ಫಲಕವನ್ನು ಓದದೆ ಚುಚ್ಚಿದರೆ ಪ್ರೀತಿಯ ಕಾಣಿಕೆ ಹೊಗೆಯಾಗಿ ಹೋಗುತ್ತದೆ.

“ಕುಣಿಯಲಾರದವಳು ನೆಲ ಡೊಂಕೆಂದಳು” ಎಂದು ಗಾದೆ. ಬೇಸ್ ವಾದಕನ ಮಟ್ಟಿಗೆ ಮಾತ್ರ ನೆಲ ನಿಜವಾಗಿಯೂ ಡೊಂಕಾಗಿರುವುದುಂಟು. ಅಲೆಯ ಉದ್ದವನ್ನು ಆಗಲೇ ಹೇಳಿದೆನಷ್ಟೆ. ಅಷ್ಟುದ್ದದ ಅಲೆ ಗೋಡೆಗೆ ಬಡಿದು ಮರಳಿ ಬಂದಾಗ ಸಭಾಂಗಣದ ಒಂದು ಕಡೆ ಸ್ವರ ಇಮ್ಮಡಿಯಾಗುತ್ತದೆ, ಇನ್ನೊಂದು ಕಡೆ ಮಾಯವಾಗುತ್ತದೆ. ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದರೆ ತಗ್ಗಿನ ಸ್ವರ ಉಬ್ಬುತ್ತದೆ. ಟೊಳ್ಳು ಹಲಗೆಯ ವೇದಿಕೆಯ ಮೇಲಿಟ್ಟರೆ ವೇದಿಕೆಯೇ ತಮಟೆಯಾಗುತ್ತದೆ. ನೆಲದಲ್ಲಿಟ್ಟ ಪೆಟ್ಟಿಗೆ ವಾದಕನ ಮೊಣಕಾಲಿಗೆ ಹಾಡುವುದರಿಂದ ತನ್ನ ಸ್ವರ ತನಗೆ ಕೇಳಿಸದೆ ಆತ ಇನ್ನಷ್ಟು ಏರಿಸುತ್ತಾನೆ. ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಿಯ ಎದೆ ನಡುಗುತ್ತದೆ. ಇದಕ್ಕೆ ಉಪಾಯ ಸುಲಭ: ಪೆಟ್ಟಿಗೆಯನ್ನು ಗಟ್ಟಿಯಾದ ಕುರ್ಚಿಯ ಮೇಲಿಟ್ಟು ಕಿವಿಯತ್ತ ಸ್ವಲ್ಪ ಓರೆ ಮಾಡಬೇಕು. ಗೋಡೆಯಿಂದ ದೂರ ಸರಿಸಬೇಕು. ಕಾರ್ಯಕ್ರಮಕ್ಕೆ ಮೊದಲು ಉದ್ದನೆಯ ಕೇಬಲ್ ಹಾಕಿಕೊಂಡು ಸಭೆಯ ನಡುವಿಗೆ ನಡೆದುಹೋಗಿ ಅಲ್ಲಿಂದ ತನ್ನನ್ನು ತಾನು ಕೇಳಬೇಕು. ಸ್ವರ ಉಬ್ಬಿದ ಕಡೆ ತಗ್ಗನ್ನು ಇನ್ನೂ ಕೂಡಿಸದೆ ಕಳೆಯಬೇಕು. ಕಳೆಯಲು ಕಲಿತವನ ಬೇಸು ಸ್ಪಷ್ಟವಾಗಿ ಕೇಳಿಸುತ್ತದೆ.

ಇಷ್ಟು ಹೊತ್ತು ಹೇಳಿದ್ದು ಹಣದ ಮಾತು, ಬೆನ್ನಿನ ಮಾತು. ಪ್ರಾಣದ ಮಾತು ಇನ್ನೂ ಉಳಿದಿದೆ. ಗಿಟಾರಿನ ತಂತಿಗಳು ಕೇಬಲಿನ ಮೂಲಕ ಆಂಪ್ಲಿಫೈಯರಿನ ಅರ್ಥಿಂಗಿಗೆ ಸೇರಿರುತ್ತವೆ. ಎದುರಿನ ಮೈಕು ಬೇರೊಂದು ವಿದ್ಯುತ್ ಮಾರ್ಗದಿಂದ ಬಂದಿರುತ್ತದೆ. ಎರಡರಲ್ಲಿ ಒಂದರ ಅರ್ಥಿಂಗ್ ಕೆಟ್ಟಿದ್ದರೆ, ಕೈ ತಂತಿಯ ಮೇಲಿರುವಾಗ ತುಟಿ ಮೈಕಿಗೆ ತಾಗಿದ ಕ್ಷಣದಲ್ಲಿ ವಿದ್ಯುತ್ತು ಮನುಷ್ಯನ ಎದೆಯ ಮೂಲಕ ಹಾಯುತ್ತದೆ. 1972ರ ಮೇ 3ರಂದು ವೇಲ್ಸ್ ದೇಶದ ಸ್ವಾನ್‌ಸೀ ಪಟ್ಟಣದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರು ವಾದಕ ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಅಸುನೀಗಿದ. ನಮ್ಮ ಪೆಂಡಾಲುಗಳಲ್ಲಿ ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯನ್ನು ಮುರಿದು ಚುಚ್ಚುವುದನ್ನು, ಬರಿಯ ತಂತಿಯ ತುದಿಗೆ ಬೆಂಕಿಕಡ್ಡಿ ತುರುಕಿ ನಿಲ್ಲಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಆ ದಪ್ಪ ಕಡ್ಡಿಯೇ ಅರ್ಥಿಂಗ್. ಅದು ಪ್ರಾಣದ ಕಡ್ಡಿ. ವಾದಕ ತನ್ನದೇ ಒಂದು ಟೆಸ್ಟರನ್ನೂ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅಳವಡಿಸಿದ ಪೆಟ್ಟಿಗೆಯನ್ನೂ ಜೊತೆಗೆ ಒಯ್ಯಬೇಕು. ಸೋರಿಕೆ ಕಂಡೊಡನೆ ಅದು ಕಣ್ಣು ಮಿಟುಕಿಸುವುದರೊಳಗೆ ವಿದ್ಯುತ್ತನ್ನು ಕತ್ತರಿಸುತ್ತದೆ. ಗಿಟಾರಿಗೆ ಹಣ ಕೊಡುವ ತಂದೆತಾಯಿಗಳು ಈ ಪುಟ್ಟ ಉಪಕರಣಕ್ಕೂ ಹಣ ಕೊಡಲೇಬೇಕು. ಮಳೆ ಬಿದ್ದ ವೇದಿಕೆಯ ಮೇಲೆ ನುಡಿಸುವುದಿಲ್ಲವೆಂದು ಹೇಳುವ ಧೈರ್ಯವನ್ನೂ ಮಗನಿಗೆ ಕೊಡಬೇಕು.

ಪ್ರಾಣದ ನಂತರ ಕಿವಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದೆಂದು, ಮುಂದೆ ಪ್ರತಿ 3 ಡೆಸಿಬೆಲಿಗೆ ಆ ಅವಧಿ ಅರ್ಧರ್ಧವಾಗುತ್ತದೆಂದು ಅಮೆರಿಕದ ಉದ್ಯೋಗ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಈ ಲೆಕ್ಕದಲ್ಲಿ ನೂರು ಡೆಸಿಬೆಲ್ ಎಂದರೆ ಕಾಲು ಗಂಟೆ ಮಾತ್ರ. ಡ್ರಮ್ಮಿನ ಪಕ್ಕದಲ್ಲಿ ನಿಲ್ಲುವ ಬೇಸ್ ವಾದಕ ಅದನ್ನು ಬಹುಬೇಗ ಮೀರುತ್ತಾನೆ. ವಾದಕರಿಗಾಗಿಯೇ ಮಾಡಿದ ಕಿವಿಮುಚ್ಚಳಗಳು ಸಿಗುತ್ತವೆ. ಅವು ಸ್ವರವನ್ನು ಕೆಡಿಸದೆ ಸದ್ದನ್ನು ತಗ್ಗಿಸುತ್ತವೆ. ನೆರೆಹೊರೆಯವರ ಕಿವಿಗೂ ಕಾನೂನಿನ ರಕ್ಷಣೆಯಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಉತ್ಸವಗಳಿಗೆ ವರ್ಷಕ್ಕೆ ಹದಿನೈದು ದಿನ ಮೀರದಂತೆ ರಾಜ್ಯ ಸರ್ಕಾರ ಹನ್ನೆರಡರವರೆಗೆ ವಿನಾಯಿತಿ ಕೊಡಬಹುದು. ಮೇಲಿನ ಸ್ವರಗಳನ್ನು ಗೋಡೆ ತಡೆಯುತ್ತದೆ, ಬೇಸನ್ನು ತಡೆಯುವುದಿಲ್ಲ. ಪರೀಕ್ಷೆಗೆ ಓದುವ ಪಕ್ಕದ ಬೀದಿಯ ಮಗುವಿಗೆ ಕೇಳಿಸುವುದು ಹಾಡಲ್ಲ, ಬರಿಯ ಗುದ್ದು.

ಕೊನೆಗೆ ಒಬ್ಬ ವಾದಕನ ವಿಷಯ ಹೇಳಿ ಮುಗಿಸುತ್ತೇನೆ. ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಧ್ವನಿಮುದ್ರಣ ಸಂಸ್ಥೆಯಲ್ಲಿ 1960ರ ದಶಕದ ಲೆಕ್ಕವಿಲ್ಲದಷ್ಟು ಜನಪ್ರಿಯ ಗೀತೆಗಳಿಗೆ ಬೇಸ್ ನುಡಿಸಿದಾತ ಜೇಮ್ಸ್ ಜೇಮರ್‌ಸನ್. ಆತನ ಬಳಿ ಇದ್ದದ್ದು 1962ರ ಒಂದು ಪ್ರಿಸಿಷನ್ ಬೇಸ್, ಹಾಗೂ ನಾನು ಮೊದಲು ಹೇಳಿದ 25 ವಾಟಿನ ಬಿ-15 ಪೆಟ್ಟಿಗೆ. ತಂತಿಗಳನ್ನೂ ಬಹಳ ಅಪರೂಪಕ್ಕೆ ಬದಲಿಸುತ್ತಿದ್ದ. ಬಲಗೈಯ ಒಂದೇ ಬೆರಳಿನಿಂದ ಮೀಟುತ್ತಿದ್ದ. ಲೋಕವೆಲ್ಲ ಆತನ ಸ್ವರಕ್ಕೆ ಕುಣಿಯಿತು; ಆತನ ಹೆಸರು ಮಾತ್ರ ತಟ್ಟೆಗಳ ಮೇಲೆ ಅಚ್ಚಾಗುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಎಂಬ ಗಾಯಕನ ಒಂದು ತಟ್ಟೆಯ ಮೇಲೆ ಆ ಹೆಸರು ಗೌರವದಿಂದ ಕಾಣಿಸಿಕೊಂಡಿತು. ಸಾಮಾನು ಸಾಧಾರಣವಾದರೂ ಕೆಲಸಕ್ಕೆ ತಕ್ಕದ್ದಾಗಿದ್ದರೆ ಎಷ್ಟು ಸಾಧಿಸಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದಕಾರಣ, ಮಗನೋ ಮಗಳೋ ಬೇಸ್ ಗಿಟಾರು ಬೇಕೆಂದು ಕೇಳಿದರೆ, “ಅಷ್ಟು ದೊಡ್ಡ ಪೆಟ್ಟಿಗೆ ಏತಕ್ಕೆ?” ಎಂದು ಗದರಬೇಡಿ. ಎಲ್ಲಿ ನುಡಿಸುತ್ತೀ, ಯಾರ ಜೊತೆಯಲ್ಲಿ ನುಡಿಸುತ್ತೀ, ಹೇಗೆ ಹೊರುತ್ತೀ ಎಂಬ ಮೂರು ಪ್ರಶ್ನೆ ಕೇಳಿ. ಈ ಮೂರಕ್ಕೂ ಉತ್ತರ ಹೇಳುವವರೊಡನೆ ನಂಬಿಕೆಯಿಂದ ಅಂಗಡಿಗೆ ಹೋಗಬಹುದು. ಮುಂದೊಂದು ದಿನ ಉತ್ಸವದ ವಾದ್ಯಗೋಷ್ಠಿಗೆ ತಾವು ಹೋದಾಗ, ಗಾಯಕರನ್ನು ನೋಡಿದ ಮೇಲೆ ಹಿಂದಿನ ಸಾಲಿನ ಕಡೆಗೂ ಒಮ್ಮೆ ಕಿವಿಗೊಡಬೇಕೆಂದು ನನ್ನ ಪ್ರಾರ್ಥನೆ.